ಕಾಣಿಕೆ ಹೊತ್ತಿಗೆ ಯಾವ ಟ್ಯೂನ್?

ಬರೋ ಭಾನುವಾರದ ಪೂಜೆಗೆ ಟ್ರಂಪೆಟ್‌ನಲ್ಲಿ ಒಂದು ಸೋಲೋ ನುಡಿಸಿ ಅಂತ ಕ್ವಾಯರ್‌ನವರು ಈಗಷ್ಟೇ ಫೋನ್ ಮಾಡಿದ್ರು. ತಲೆಗೆ ಮೊದಲು ಬಂದಿದ್ದು ಎಲ್ಲರಿಗೂ ಬರೋದೇ: ಜೆರೆಮಾಯ ಕ್ಲಾರ್ಕ್‌ನ ‘ಟ್ರಂಪೆಟ್ ವಾಲಂಟರಿ’. ಬಹಳ ಕಾಲ ಪರ್ಸೆಲ್ ಹೆಸರಲ್ಲಿ ಓಡಾಡಿದ ಇದು ಅಸಲಿಗೆ ಡೆನ್ಮಾರ್ಕಿನ ರಾಜಕುಮಾರನ ಹೆಸರಿನ ಒಂದು ಮಾರ್ಚ್. ದೇವರಿಗೂ ಅದಕ್ಕೂ ಸಂಬಂಧವೇ ಇಲ್ಲ! ಆದ್ರೂ ಮದುವೆಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ ನೋಡಿ.

ಕಾಣಿಕೆಗೆ, ಪರಮಪ್ರಸಾದಕ್ಕೆ ಮಾತ್ರ ಅದು ಬೇಡ. ನನಗೆ ಬರೋ ತುಣುಕು ಯಾವುದು ಅನ್ನೋದಕ್ಕಿಂತ ಪೂಜೆಯ ಯಾವ ಗಳಿಗೆ ಅನ್ನೋದನ್ನ ಮೊದಲು ನೋಡ್ಬೇಕು ಅನ್ಸುತ್ತೆ. ಅಲ್ಲಿಗೆ ಬೇಕಿರೋದು ಜನಕ್ಕೆ ಗೊತ್ತಿರೋ, ತೀರಾ ಮೇಲಿನ ಸ್ವರಕ್ಕೆ ಹೋಗದ ಒಂದು ಭಕ್ತಿಗೀತೆಯ ಟ್ಯೂನ್. ಮ್ಯೂಟ್ ಹಾಕಿ, ಆರ್ಗನ್ ಜೊತೆ ಮೆಲ್ಲಗೆ. ಹ್ಯಾಂಡೆಲ್‌ನ ‘ಮೆಸ್ಸಾಯ’ದ ಟ್ರಂಪೆಟ್ ಭಾಗ ಈಸ್ಟರ್‌ಗೆ ಇರಲಿ, ಬೆಳಗಿನ ಪೂಜೆ ಹೊತ್ತಿಗೆ ತುಟಿ ಇನ್ನೂ ಎದ್ದಿರಲ್ಲ ಮಾರಾಯ್ರೆ. ತಪಸ್ಸುಕಾಲದಲ್ಲಂತೂ ಈ ತಲೆಬಿಸಿಯೇ ಇಲ್ಲ. ಕಥೋಲಿಕ ನಿಯಮದಂತೆ ಆಗ ವಾದ್ಯ ಇರೋದು ಹಾಡಿಗೆ ಆಸರೆಯಾಗಿ ಅಷ್ಟೇ. ನಾಲ್ಕನೇ ಭಾನುವಾರ, ಹಬ್ಬಗಳು ಬಿಟ್ಟು.

ನಿಮ್ಮೂರ ಚರ್ಚಲ್ಲಿ ಕಾಣಿಕೆ ಹೊತ್ತಿಗೆ ಟ್ರಂಪೆಟ್ ಕೇಳಿದ್ದೀರಾ? ಯಾವ ಟ್ಯೂನ್? ಶನಿವಾರದೊಳಗೆ ಹೇಳಿ!