ಎಡಗಡೆಯ ಉಬ್ಬು

ಗಡ್ಡೆ ಬೆಳಗಬೇಕಿತ್ತು, ಕ್ಯಾಮೆರಾದಲ್ಲಿ ಬೆಳಗಿದ್ದು ಇಲಿಗಳ ಲಿವರ್. ನಾನು ಪಿಎಚ್.ಡಿ. ಮಾಡುತ್ತಿದ್ದ ದಿನಗಳ ಮಾತು. ಕೆಲವು ಬಗೆಯ ಸ್ತನ ಕ್ಯಾನ್ಸರಿನಲ್ಲಿ ಜೀವಕೋಶದ ಮೇಲ್ಮೈಯಲ್ಲಿ ಹರ್-2 ಎಂಬ ಪ್ರೋಟೀನು ವಿಪರೀತ ಹೆಚ್ಚಿರುತ್ತದೆ. ಅದನ್ನೇ ಹುಡುಕಿ ಹಿಡಿಯುವ ಆ್ಯಂಟಿಬಾಡಿಗೆ ನಿಯರ್ ಇನ್‌ಫ್ರಾರೆಡ್‌ನಲ್ಲಿ ಹೊಳೆಯುವ ಡೈ ಕೂರಿಸಿ, ಗಡ್ಡೆಯನ್ನು ಹೊರಗಿನಿಂದಲೇ ನೋಡಬೇಕೆಂದು ಹೊರಟಿದ್ದೆ.

ಆ ಬೆಳಕೇ ಏಕೆಂದರೆ, 650 ನ್ಯಾನೊಮೀಟರಿಗಿಂತ ಕೆಳಗೆ ರಕ್ತದ ಹಿಮೊಗ್ಲೋಬಿನ್ ಬೆಳಕನ್ನು ನುಂಗುತ್ತದೆ, 900 ದಾಟಿದರೆ ನೀರು ನುಂಗತೊಡಗುತ್ತದೆ. ನಡುವೆ ಉಳಿಯುವ ಕಿಂಡಿಯಲ್ಲಿ ಮೈಯ ಸ್ವಂತ ಹೊಳಪೂ ಕಡಿಮೆ. ಅಮೆರಿಕದಲ್ಲಿ 1959ರಲ್ಲೇ ಅನುಮತಿ ಪಡೆದ ಇಂಡೊಸಯನೈನ್ ಗ್ರೀನ್ ಇಂಥದೇ ಡೈ. ನಾನು ಬಳಸಿದ್ದೂ ಸಯನೈನೇ, ನೀರಿನಲ್ಲಿ ಚೆನ್ನಾಗಿ ಕರಗಲೆಂದು ಸಲ್ಫೊನೇಟ್ ಸೇರಿಸಿದ್ದು.

ಈ ಡೈ ಆ್ಯಂಟಿಬಾಡಿಯಲ್ಲಿರುವ ಲೈಸಿನ್ ಎಂಬ ಅಮೈನೊ ಆಮ್ಲಗಳಿಗೆ ಅಂಟುತ್ತದೆ. ಒಂದು ಆ್ಯಂಟಿಬಾಡಿಯಲ್ಲಿ ಹತ್ತಾರು ಲೈಸಿನ್‌ಗಳಿವೆ. ಹಾಕಿದಷ್ಟೂ ಕೂರುತ್ತಲೇ ಹೋಗುತ್ತದೆ. ಒಂದೆರಡು ಸಾಕೆಂದು ಓದಿದ್ದೆ. ಆದರೂ ಡೈ ಹೆಚ್ಚಿದರೆ ಹೊಳಪೂ ಹೆಚ್ಚೀತು ಎಂಬ ಆಸೆಗೆ ಧಾರಾಳವಾಗಿ ಸುರಿದೆ. ಟ್ಯೂಬಿನ ಕಡುಹಸಿರು ಕಂಡು ಹಿಗ್ಗಿದೆ.

ಬೆಳಕು ಹೀರುವಿಕೆಯ ಸ್ಪೆಕ್ಟ್ರಮ್ ತೆಗೆದಾಗ 775 ನ್ಯಾನೊಮೀಟರಿನ ಹತ್ತಿರದ ಶಿಖರದ ಎಡಕ್ಕೆ, 700ರ ಆಸುಪಾಸಿನಲ್ಲಿ, ಇನ್ನೊಂದು ಉಬ್ಬು ಎದ್ದಿತ್ತು. ಡೈ ಅಣುಗಳು ಇಕ್ಕಟ್ಟಿನಲ್ಲಿ ಮುಖಕ್ಕೆ ಮುಖ ಒತ್ತಿ ಕೂತಾಗ ಏಳುವ ಉಬ್ಬು ಅದು. ಹಾಗೆ ಕೂತವು ಬೆಳಕನ್ನು ಹೀರುತ್ತವೆ, ಹೊಳೆಯುವುದಿಲ್ಲ. ಹೀರಿದ್ದು ಶಾಖವಾಗಿ ಹೋಗುತ್ತದೆ. ಬಫರ್ ಸರಿಯಿಲ್ಲವೇನೋ ಎಂದುಕೊಂಡೆ. ನೋಟ್‌ಬುಕ್ಕಿನಲ್ಲಿ ಬರೆಯಲೂ ಇಲ್ಲ.

“ರೇಶಿಯೋ ಎಷ್ಟು ಬಂತಮ್ಮ?” ಎಂದು ಗೈಡ್ ಕೇಳಿದರು.

“ಚೆನ್ನಾಗೇ ಕೂತಿದೆ ಮೇಡಂ,” ಅಂದೆ. ಒಂದು ಆ್ಯಂಟಿಬಾಡಿಗೆ ಎಷ್ಟು ಡೈ ಕೂತಿದೆಯೆಂದು ಲೆಕ್ಕ ಹಾಕಿರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಆಮೇಲಿನದು. ಹರ್-2 ಅಷ್ಟಾಗಿ ಇಲ್ಲದ ಜೀವಕೋಶಗಳೂ ಪ್ಲೇಟಿನಲ್ಲಿ ಮಂಕಾಗಿ ಹೊಳೆದವು. ನಾನು ಚಿತ್ರದ ಬ್ರೈಟ್‌ನೆಸ್ ಇಳಿಸಿದೆ, ಅವು ಕಾಣದಾದವು. ಆ ಚಿತ್ರವನ್ನೇ ಲ್ಯಾಬ್ ಮೀಟಿಂಗಿನಲ್ಲಿ ತೋರಿಸಿ ಇಲಿಗಳ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಪಡೆದೆ.

ಡೈ ಹೇರಿಕೊಂಡ ಆ್ಯಂಟಿಬಾಡಿಯನ್ನು ಲಿವರ್ ರಕ್ತದಿಂದ ಬೇಗ ಎಳೆದುಕೊಳ್ಳುತ್ತದೆ. ಹಿಡಿಯುವ ತುದಿಯ ಲೈಸಿನ್‌ಗಳ ಮೇಲೇ ಡೈ ಕೂತರೆ ಹರ್-2ನ್ನು ಹಿಡಿಯುವ ಶಕ್ತಿಯೂ ಕುಗ್ಗುತ್ತದೆ. ಎರಡನ್ನೂ ನಾನು ಕಲಿತದ್ದು ಜೀವಗಳನ್ನು ತೆತ್ತು. ರಿಯಾಜೆಂಟಿಗೆ ಹೋದ ಹಣ ಮರೆತಿದ್ದೇನೆ. ಆ ಇಲಿಗಳನ್ನು ಮರೆತಿಲ್ಲ. ಸ್ಪೆಕ್ಟ್ರಮ್ಮಿನ ಹಾಳೆ ಹೇಳಿದ್ದನ್ನು ಕೇಳಿದ್ದರೆ ಅವು ಸಾಯಬೇಕಿರಲಿಲ್ಲ.

ಮುಂದೆ ಡೈ ಇಳಿಸಿದೆ. ಅಂಟದೆ ಉಳಿದದ್ದನ್ನು ಜೆಲ್ ಕಾಲಮ್ಮಿನಲ್ಲಿ ಬೇರ್ಪಡಿಸಿ, 280ರಲ್ಲಿ ಪ್ರೋಟೀನು, ಶಿಖರದಲ್ಲಿ ಡೈ ಅಳೆದು, 280ರ ಓದಿನಿಂದ ಡೈಯ ಪಾಲು ಕಳೆದು ರೇಶಿಯೋ ತೆಗೆದೆ. ಟ್ಯೂಬಿನ ಬಣ್ಣ ಪೇಲವವಾಯಿತು, ಉಬ್ಬು ಅಡಗಿತು. ಹರ್-2ಗೆ ಸಂಬಂಧವೇ ಇಲ್ಲದ ಆ್ಯಂಟಿಬಾಡಿಗೂ ಅಷ್ಟೇ ಡೈ ಕೂರಿಸಿ ಹೋಲಿಕೆಗೆಂದು ಜೊತೆಗಿಟ್ಟೆ. ಆಗ ಗಡ್ಡೆ ಕಾಣಿಸಿತು, ಸಾಧಾರಣ ಹೊಳಪಿನಲ್ಲಿ.

2021ರಲ್ಲಿ ಅಮೆರಿಕದಲ್ಲಿ ಅಂಡಾಶಯ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗೆ ಅನುಮತಿ ಪಡೆದ ಪ್ಯಾಫೊಲಾಸಯನೈನ್‌ನಲ್ಲಿ ಫೋಲೇಟ್‌ನಂಥ ಒಂದು ಪುಟ್ಟ ಅಣುವಿಗೆ ಒಂದೇ ಡೈ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆ್ಯಂಟಿಬಾಡಿ ಹಿಡಿದವರಿಗೆ ಆ ಸೌಕರ್ಯವಿಲ್ಲ, ಪ್ರತಿ ಬ್ಯಾಚೂ ಬೇರೆ. ನನ್ನ ವಿದ್ಯಾರ್ಥಿಗಳು ಚಿತ್ರ ತಂದಾಗ ನಾನು ಮೊದಲು ಕೇಳುವುದು ಆ ಬ್ಯಾಚಿನ ಸ್ಪೆಕ್ಟ್ರಮ್, 600ರಿಂದ 850ರವರೆಗೆ ಪೂರ್ತಿ.