ಕೊನೆಯ ಬೆಂಚಿನ ಹಕ್ಕು

ಬಲಿಪೂಜೆಯ ನಡುವೆ ಎದೆ ಹೊಡೆದುಕೊಳ್ಳತೊಡಗಿ, ಅಂಗೈ ಬೆವರಿ, ಬಾಗಿಲು ಎಷ್ಟು ದೂರವಿದೆ ಎಂದು ಕಣ್ಣಲ್ಲೇ ಅಳೆಯುವವರಿಗೆ ಸಿಗುವ ಬುದ್ಧಿಮಾತು ಸಾಮಾನ್ಯವಾಗಿ ಒಂದೇ: ವಿಶ್ವಾಸವಿಡಿ, ಎಲ್ಲ ಸರಿಹೋಗುತ್ತದೆ. ಒಳ್ಳೆಯ ಮನಸ್ಸಿನಿಂದ ಬಂದ ಮಾತೇ ಆದರೂ ಅದು ಆತಂಕದ ಜೊತೆಗೆ ತಪ್ಪಿತಸ್ಥ ಭಾವವನ್ನೂ ಹೊರಿಸುತ್ತದೆ. ಆತಂಕ ಎಂದರೆ ವಿಶ್ವಾಸದ ಕೊರತೆಯಲ್ಲ. ಗೆತ್ಸೆಮನೆಯಲ್ಲಿ ಯೇಸುವೇ ದಿಗಿಲುಗೊಂಡು ಕಳವಳಪಟ್ಟರೆಂದು ಮಾರ್ಕನ ಶುಭಸಂದೇಶ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಪೂಜೆಯಲ್ಲೂ ಪರಲೋಕ ಪ್ರಾರ್ಥನೆಯ ಬೆನ್ನಿಗೇ ಗುರುಗಳು ಎಲ್ಲ ಕಳವಳದಿಂದ ಕಾಪಾಡೆಂದು ಸಭೆಯ ಪರವಾಗಿ ಬೇಡುತ್ತಾರೆ. ಮನಸ್ಸು ಶಾಂತವಾಗಿದ್ದರಷ್ಟೇ ಪೂಜೆ ಸಂದಿತು ಎಂಬ ಲೆಕ್ಕವನ್ನು ಬಿಟ್ಟರೆ ಅರ್ಧ ಭಾರ ಇಳಿಯುತ್ತದೆ.

ಉಳಿದರ್ಧ ಇರುವುದು ಜನರ ನೋಟದಲ್ಲಿ. ಪರಮಪ್ರಸಾದದ ಹೊತ್ತಿಗೆ ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತ ಬರುತ್ತವೆ, ಪಕ್ಕದವರು ಎದ್ದು ದಾರಿಗಾಗಿ ಕಾಯುತ್ತಾರೆ. ಸಾಲಿಗೆ ಸೇರಿದರೆ ಹಿಂದೆ ಮುಂದೆ ಜನ. ಕೂತೇ ಇದ್ದರೆ ಏನು ಪಾಪ ಮಾಡಿದ್ದಾರೋ ಎಂದುಕೊಂಡಾರೆಂಬ ಭಯ. ಧರ್ಮಸಭೆಯ ಕಾನೂನು ಇಲ್ಲಿ ಅಕ್ಕಪಕ್ಕದವರಿಗಿಂತ ಉದಾರವಾಗಿದೆ. 1983ರ ಸಂಹಿತೆ ಭಾನುವಾರದ ಪೂಜೆಯನ್ನು ಕಡ್ಡಾಯ ಮಾಡಿದೆ. ಪರಮಪ್ರಸಾದ ಸ್ವೀಕಾರ ಕಡ್ಡಾಯವಾಗಿರುವುದು ವರ್ಷಕ್ಕೊಮ್ಮೆ ಮಾತ್ರ. ಶನಿವಾರ ಸಂಜೆಯ ಪೂಜೆ ಭಾನುವಾರಕ್ಕೂ ಸಲ್ಲುತ್ತದೆ. ಕಾಯಿಲೆಯಂಥ ಗಂಭೀರ ಕಾರಣವಿದ್ದವರ ಮೇಲೆ ಆ ಕಟ್ಟುಪಾಡೂ ಇಲ್ಲ. ಕೈಕಾಲು ನಡುಗಿಸುವ ಆತಂಕವೂ ಕಾಯಿಲೆಯೇ.

ಹೀಗೆ ಸಡಿಲ ಬಿಟ್ಟರೆ ಜನ ಚರ್ಚಿಗೆ ಬರುವುದನ್ನೇ ಬಿಡುತ್ತಾರೆ ಎನ್ನಬಹುದು. ತಪ್ಪಿಸಿಕೊಂಡಷ್ಟೂ ಹೆದರಿಕೆ ಬಲಿಯುತ್ತದೆ ಎಂದು ಮನೋವೈದ್ಯರೂ ಹೇಳುವುದರಿಂದ ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಹೆದರಿಕೆಯನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸಿ ಎನ್ನುವವರೂ ಅವರೇ. ಬಾಗಿಲ ಬಳಿಯ ಬೆಂಚು, ಜನ ಕಡಿಮೆಯಿರುವ ಪೂಜೆ, ಉಸಿರು ಹದಕ್ಕೆ ಬರುವವರೆಗೆ ಜಗಲಿಯಲ್ಲಿ ನಿಂತು ಮತ್ತೆ ಒಳಬರುವುದು, ಇವೆಲ್ಲ ಎದುರಿಸುವ ದಾರಿಗಳೇ. ಎದ್ದುಹೋಗಬಹುದು ಎಂಬ ಧೈರ್ಯವಿದ್ದವರೇ ಕೊನೆಯವರೆಗೆ ಕೂರುವುದು ಹೆಚ್ಚು.

ಇನ್ನು ಕೆಲವರ ಆತಂಕ ಗುಂಪಿನದ್ದಲ್ಲ, ಪಾಪದ್ದು: ಪ್ರಾರ್ಥಿಸುವಾಗ ಮನಸ್ಸು ಚದುರಿತೇ, ನಿವೇದನೆಯಲ್ಲಿ ಏನಾದರೂ ಬಿಟ್ಟುಹೋಯಿತೇ? ಲೊಯೋಲಾದ ಇಗ್ನೇಷಿಯಸ್ 1522ರಲ್ಲಿ ಮನ್ರೇಸಾ ಊರಿಗೆ ಬಂದು ತಂಗಿದ್ದಾಗ ಹೇಳಿದ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿ, ನೆಮ್ಮದಿ ಕಾಣದೆ, ಸಾಯುವ ಯೋಚನೆಯವರೆಗೂ ಹೋಗಿದ್ದರು. ಹಳೆಯ ಪಾಪಗಳನ್ನು ಕೆದಕುವುದನ್ನು ನಿಲ್ಲಿಸಿದ ಮೇಲೆಯೇ ಅವರು ಬಿಡುಗಡೆ ಕಂಡದ್ದು. ಇಂಥವರಿಗೆ ಇನ್ನೊಂದು ಪಾಪನಿವೇದನೆ ಮದ್ದಲ್ಲ. ನೆಚ್ಚಿನ ಒಬ್ಬರೇ ಗುರುಗಳ ಮಾತನ್ನು ಹಿಡಿದು ನಡೆಯಬೇಕು, ಜೊತೆಗೆ ವೈದ್ಯರನ್ನೂ ಕಾಣಬೇಕು. ಹಾಗೆ ಕಾಣಲು ಹೇಳುವುದು ಗುರುಗಳ ಕೆಲಸವೂ ಹೌದು.