ಕೈಯಾರೆ ನೆಟ್ಟ ಕಾಡು

ಆಕ್ಲೆಂಡಿನಲ್ಲಿ ಫೆರಿ ಹತ್ತುವ ಮೊದಲೇ ಚೀಲ ಬಿಚ್ಚಿ ನೋಡಬೇಕು. ಒಳಗೆ ಇಲಿ, ಇರುವೆ, ಹುಲ್ಲಿನ ಬೀಜ ಏನೂ ಇಲ್ಲವಷ್ಟೇ? ಬೂಟಿನ ಅಡಿಯ ಮಣ್ಣನ್ನೂ ಬ್ರಷ್ಷಿನಿಂದ ಉಜ್ಜಬೇಕು. ಚಿತ್ರಾನ್ನದ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತಿಕೊಳ್ಳುತ್ತೀರಿ. ಗಂಟೆಗೂ ಮೀರಿದ ಪ್ರಯಾಣ, ಮುಖಕ್ಕೆ ರಾಚುವ ಉಪ್ಪುಗಾಳಿ. ಕೊನೆಗೆ ಹಸುರು ಗುಡ್ಡವೊಂದು ಹತ್ತಿರವಾಗುತ್ತದೆ. ಟಿರಿಟಿರಿ ಮಟಾಂಗಿ, 220 ಹೆಕ್ಟೇರಿನ ದ್ವೀಪ.

ಹಡಗುಕಟ್ಟೆ ದಾಟಿ ಕಾಡು ಹೊಕ್ಕರೆ ಗಾಳಿ ಗಪ್‌ಚುಪ್. ಈಗ ಕಿವಿ ತುಂಬ ಹಕ್ಕಿಗಳೇ. ಇದೇ ಗುಡ್ಡ 1971ರವರೆಗೂ ಕುರಿ, ದನ ಮೇಯುವ ಬೋಳು ಬಯಲಾಗಿತ್ತು, ಮರಗಳು ಉಳಿದದ್ದು ಕೊರಕಲುಗಳ ಸಂದಿಯಲ್ಲಷ್ಟೇ ಎಂದರೆ ನಂಬುವುದು ಕಷ್ಟ. 1984ರಿಂದ ಹತ್ತು ವರ್ಷ ಶಾಲೆಯ ಮಕ್ಕಳು, ನಿವೃತ್ತರು, ರಜೆ ಸಿಕ್ಕವರೆಲ್ಲ ಹೀಗೇ ದೋಣಿ ಹತ್ತಿ ಬಂದು ಗುದ್ದಲಿ ಹಿಡಿದರು. ಇಲ್ಲಿನ ದೀಪಸ್ತಂಭದ ಕೊನೆಯ ಕಾವಲುಗಾರ ರೇ ವಾಲ್ಟರ್ ದೀಪ ಬಿಟ್ಟು ಸಸಿ ಮಡಿ ನೋಡಿಕೊಂಡರು. ನೆಟ್ಟದ್ದು 2,50,000ಕ್ಕೂ ಹೆಚ್ಚು ಸಸಿ.

ಎಲ್ಲವೂ ಸರಿಹೋಯಿತೆಂದಲ್ಲ. ಪೊಹುಟುಕಾವಾ ಮರಗಳನ್ನು ಒತ್ತೊತ್ತಾಗಿ ನೆಟ್ಟ ಕಡೆ ತಲೆಯೆತ್ತಿ ನೋಡಿ, ಆಕಾಶವೇ ಇಲ್ಲ. ಕೆಳಗೆ ತರಗೆಲೆ ಬಿಟ್ಟರೆ ಬೇರೆ ಗಿಡ ಏಳುವುದೇ ಅಪರೂಪ. ನನಗಂತೂ ಈ ತಪ್ಪು ಇಷ್ಟವಾಯಿತು. ಮನುಷ್ಯರು ನೆಟ್ಟ ಕಾಡು ಅನ್ನುವುದಕ್ಕೆ ರುಜು ಹಾಕಿದಂತಿದೆ.

ದೀಪಸ್ತಂಭದ ಬಳಿ ಹುಲ್ಲಿನ ಮೇಲೆ ಗುಂಡಗಿನ ನೀಲಿ ಹಕ್ಕಿಯೊಂದು ಅಡ್ಡಾಡುತ್ತಿದೆ. ಟಕಾಹೆ. ನಮ್ಮ ಕೆರೆಗಳ ನೇರಳೆ ಜಂಬುಕೋಳಿಗೆ ದೊಡ್ಡಪ್ಪನ ಮಗನಂತೆ, ಕೊಂಚ ದಪ್ಪ, ಹಾರಲಾರದ್ದು. 1948ರಲ್ಲಿ ಮತ್ತೆ ಕಾಣಿಸಿಕೊಳ್ಳುವ ತನಕ ಇದರ ಕುಲವೇ ಅಳಿಯಿತೆಂದು ಕೈಬಿಟ್ಟಿದ್ದರು. ಹುಲ್ಲಿನ ದಂಟು ಕಿತ್ತು, ಕಾಲಲ್ಲಿ ಹಿಡಿದು, ಬುಡದ ಎಳೆ ಭಾಗವನ್ನಷ್ಟೇ ತಿಂದು ಉಳಿದದ್ದನ್ನು ಎಸೆಯುತ್ತದೆ. ಕಬ್ಬು ತಿನ್ನುವ ಹುಡುಗನ ಠೀವಿ.

ಇಳಿಯುವ ದಾರಿಯಲ್ಲಿ ಜಾಲರಿಯ ಪೆಟ್ಟಿಗೆಯ ಮುಂದೆ ಸ್ವಯಂಸೇವಕಿಯೊಬ್ಬರು ಮಂಡಿಯೂರಿದ್ದಾರೆ. ಹಳೆಯ ಬಾಟಲಿ ತೆಗೆದು ಹೊಸ ಸಕ್ಕರೆ ನೀರು ಇಡುತ್ತಿದ್ದಾರೆ. 1995ರಲ್ಲಿ ತಂದ ಹಿಹಿ ಹಕ್ಕಿಗೆ ಈ ಎಳೆಯ ಕಾಡಿನ ಹೂವು ಸಾಲದು. ಗೂಡಿಗೆ ಪೊಟರೆ ಬಿಡುವಷ್ಟು ಮರಗಳಿಗೆ ವಯಸ್ಸಾಗಿಲ್ಲ, ಮರದ ಪೆಟ್ಟಿಗೆಗಳೇ ಗತಿ. ಆಕೆ ಎರಡು ಹೆಜ್ಜೆ ಹಿಂದೆ ಸರಿಯುವುದೇ ತಡ, ಕರಿ ತಲೆ, ಕಣ್ಣ ಹಿಂದೆ ಬಿಳಿ ಕುಚ್ಚು, ಎದೆಗೆ ಅರಿಸಿನದ ಪಟ್ಟಿ ಹೊತ್ತ ಗಂಡೊಂದು ಜಾಲರಿಯೊಳಗೆ ನುಗ್ಗುತ್ತದೆ. ಕೆಳಗೆ ಫೆರಿ ಕೂಗುತ್ತದೆ. ಆಕೆ ಮುಂದಿನ ಪೆಟ್ಟಿಗೆಯತ್ತ ನಡೆದಿದ್ದಾರೆ, ಕೈಚೀಲದಲ್ಲಿ ಬಾಟಲಿಗಳು ಕಟಕಟ ಅನ್ನುತ್ತಿವೆ.